ಹುಡುಕಿಕೊಂಡು ಹೋಗುವ ಗೆಳೆಯ

ತಮ್ಮಾ, ಉಮದಿ, ಸಂಖದ ಕಡೆಯ ಊರುಗಳಲ್ಲಿ ಸೇವೆಗೆ ನಿಂತಿದ್ದೀ ಎಂದು ಕೇಳಿ ಜೀವಕ್ಕೆ ಸಂತೋಷವಾಯಿತು. ಆದರೆ ಯಾರ ಹಂಗೂ ಬೇಡ, ಒಬ್ಬನೇ ನಿಭಾಯಿಸುತ್ತೇನೆ ಎಂದಿಯಂತೆ. ಆ ಮಾತು ನನಗೆ ಹಿಡಿಸಲಿಲ್ಲ.

ಪೌಲನಂಥ ಪೌಲನೂ ಒಬ್ಬನೇ ನಡೆದವನಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅವರೊಂದಿಗೆ ಗುಡಾರ ಹೊಲಿದ. ರೋಮಾಪುರದವರಿಗೆ ಹೋದ ಪತ್ರವನ್ನು ಅವನು ಹೇಳುತ್ತ ಹೋದಂತೆ ಬರೆದುಕೊಂಡವನು ತೆರ್ತ್ಯ. ಅವನು ಲುಸ್ತ್ರಕ್ಕೆ ಹೋದಾಗ ಅಲ್ಲಿಯ ಜನ ತಮ್ಮ ಲುಕವೋನ್ಯ ಮಾತಿನಲ್ಲೇ ಕೂಗಾಡಿದ್ದರು. ಮುಂದೆ ಆ ಸೀಮೆಯ ತಿಮೊಥೆಯನನ್ನೇ ಪೌಲ ಜೊತೆಗೆ ಕರೆದುಕೊಂಡ. ಅವನ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬೆಳೆದ ನಿನಗೆ ತಿಮೊಥೆಯ ದೂರದವನಲ್ಲ.

ಅವನಿಗೆ ಬರೆದ ಎರಡನೆಯ ಪತ್ರವನ್ನು ಒಂದೇ ಸಲಕ್ಕೆ ಕೂತು ಓದು. ಪೌಲ ಬೇಡಿಯಲ್ಲಿದ್ದಾನೆ. ದೇಮ ಬಿಟ್ಟುಹೋದ. ಹತ್ತಿರ ಉಳಿದವನು ಲೂಕನೊಬ್ಬ. ತ್ರೋವದಲ್ಲಿ ಕರ್ಪನ ಬಳಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಎಂದು ಕೇಳಿಕೊಳ್ಳುತ್ತಾನೆ. ಅಷ್ಟು ದೊಡ್ಡ ಅಪೊಸ್ತಲ ಗೆಳೆಯನನ್ನು ಬಾ ಎನ್ನಲು ಸಂಕೋಚಪಡಲಿಲ್ಲ.

ಅದೇ ಪತ್ರದಲ್ಲಿ ಒನೇಸಿಫೊರನ ಹೆಸರಿದೆ. ಎಫೆಸದಲ್ಲಿ ಉಪಚಾರ ಮಾಡಿದವನು. ಪೌಲ ಕೈದಿಯಾದ ಮೇಲೂ ಅವನ ಬೇಡಿಗೆ ನಾಚದೆ, ರೋಮಾಪುರಕ್ಕೆ ಬಂದು, ಆಸ್ಥೆಯಿಂದ ಹುಡುಕಿ ಕಂಡುಹಿಡಿದ. ಅಷ್ಟು ದೊಡ್ಡ ಪಟ್ಟಣದಲ್ಲಿ ಒಬ್ಬ ಕೈದಿ ಎಲ್ಲಿದ್ದಾನೆಂದು ಕೇಳುತ್ತ ತಿರುಗುವುದು ಎಷ್ಟು ಗಂಡಾಂತರದ ಕೆಲಸ, ಯೋಚಿಸು. ಅವನು ಮಾಡಿದ ಒಂದು ಪ್ರಸಂಗವೂ ನಮಗೆ ಉಳಿದಿಲ್ಲ. ಆದರೂ ಸೇವಕನೆಂದರೆ ನನ್ನ ಕಣ್ಣ ಮುಂದೆ ಮೊದಲು ಬರುವವನು ಅವನೇ.

ನಮ್ಮ ಕನ್ನಡ ಸೀಮೆಯಲ್ಲೂ ಇಂಥ ಜೊತೆಯಿತ್ತು. ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದ ಮಿಶನರಿ ಮೊಗ್ಲಿಂಗರ ಹೆಸರು ಕೇಳಿದ್ದೀಯಲ್ಲ? 1844ರಲ್ಲಿ ಮಂಗಳೂರಿನ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿ ಸ್ವಜನರಿಂದ ದೂರವಾದಾಗ ಮೊಗ್ಲಿಂಗರು ಅವರ ಕೈಬಿಡಲಿಲ್ಲ. ಓದಿಗೆಂದು ಬಾಸೆಲ್‌ಗೆ ಕರೆದೊಯ್ದರು. ಮುಂದೆ ಕೊಡಗಿನ ಆನಂದಪುರದಲ್ಲಿ ಇಬ್ಬರೂ ಕೂಡಿ ದುಡಿದರು.

ಮಾರ್ಕನನ್ನೂ ಮರೆಯಬೇಡ. ಪಂಫುಲ್ಯದಲ್ಲಿ ಅವನು ನಡುದಾರಿಯಲ್ಲೇ ಹಿಂತಿರುಗಿದ್ದಕ್ಕೆ ಪೌಲ ಮತ್ತು ಅವನ ಜೊತೆಸೇವಕ ಬಾರ್ನಬರಲ್ಲಿ ತೀಕ್ಷ್ಣ ವಾಗ್ವಾದವಾಗಿ, ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದ. ಕೊನೆಗಾಲದಲ್ಲಿ ಪೌಲ, ಮಾರ್ಕನನ್ನೂ ಕರೆತಾ, ಸೇವೆಗೆ ಉಪಯೋಗವಾಗುತ್ತಾನೆ ಎಂದ. ಸಿಟ್ಟಿನಲ್ಲಿ ಬಿಟ್ಟ ಗೆಳೆಯ ನಿನಗೂ ಒಬ್ಬನಿದ್ದರೆ ಈ ವಾರವೇ ಅವನ ಮನೆಗೆ ಹೋಗು.

ಇನ್ನು ನಿನ್ನ ಊರುಗಳ ಮಾತು. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಟರೆ ಅರ್ಧ ಓಣಿ ಬಿಕೋ ಎನ್ನುತ್ತದೆ. ಆರಾಧನೆಗೆ ಮುದುಕರು, ನಾಲ್ಕು ಮಕ್ಕಳು ಉಳಿಯುತ್ತಾರೆ. ಆಗ ಸಭೆ ಕರಗಿತು ಎಂದು ಎದೆಗುಂದಬೇಡ. ಸಭೆ ಕಬ್ಬಿನ ಗದ್ದೆಯ ಬದಿಯ ಜೋಪಡಿಗಳಲ್ಲಿ ಇರುತ್ತದೆ. ನಸುಕಿನಲ್ಲಿ ಕೊಯ್ತಾ ಹಿಡಿದ ತಾಯಂದಿರು, ಬೆನ್ನುನೋವಿನ ಗಂಡಸರು, ಶಾಲೆ ಬಿಟ್ಟ ಮಕ್ಕಳು ಅಲ್ಲಿರುತ್ತಾರೆ. ಊರಿನಿಂದ ಅವರನ್ನು ಕೇಳಿಕೊಂಡು ಬರುವವರು ಕಡಿಮೆ. ಯಾರು ಯಾವ ಕಾರ್ಖಾನೆಯ ಕಡೆ ಹೋಗುತ್ತಾರೆ, ಗ್ಯಾಂಗಿನ ಮುಕಾದಮ ಯಾರು ಎಂದು ಹೊರಡುವ ಮೊದಲೇ ಬರೆದಿಟ್ಟುಕೋ. ಹೋಗುವಾಗ ನೋವಿನ ಮುಲಾಮು, ಮಕ್ಕಳಿಗೆ ಪಾಟಿ, ಮನೆಯವರು ಕೊಟ್ಟ ಬುತ್ತಿ ಒಯ್ಯಿ. ಪಕ್ಕದೂರಿನ ಸಭಾಪಾಲಕನನ್ನೂ ಬಾ ಎಂದು ಕೇಳು. ಕರ್ತನು ಶಿಷ್ಯರನ್ನು ಕಳಿಸಿದ್ದು ಇಬ್ಬಿಬ್ಬರನ್ನಾಗಿಯೇ.