ಕೀಲಿ ಯಾರ ಹತ್ತಿರ ಇದೆ? ನೆಲಮಂಗಲದ ಕಂಪ್ಯೂಟರ್ ರಿಪೇರಿಯವನ ಎಂಟು ಪಾಠಗಳು

ತುಮಕೂರು ರಸ್ತೆಯಿಂದ ಹಾಸನದ ರಸ್ತೆ ಕವಲೊಡೆಯುವ ಊರು ನೆಲಮಂಗಲ. ಇಲ್ಲಿಂದ ದಾಬಸ್‌ಪೇಟೆ ಕಡೆಗೆ ಹೋದಂತೆ ಹೆದ್ದಾರಿಯುದ್ದಕ್ಕೂ ಗೋಡೌನು, ವೇಬ್ರಿಡ್ಜು, ಟ್ರಾನ್ಸ್‌ಪೋರ್ಟ್ ಆಫೀಸುಗಳು. ಅಲ್ಲಿನ ಕಂಪ್ಯೂಟರ್, ಸಿಸಿಟಿವಿ, ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕಸುಬು. ರಿಪೇರಿಗೆ ಕೂತರೆ ಟೀ ಬರುತ್ತದೆ, ಟೀ ಜತೆಗೆ ಪ್ರಶ್ನೆಯೂ ಬರುತ್ತದೆ. “ಸಾರ್, ರೋಬೋಟ್ ಬಂದ್ರೆ ನಮ್ ಹುಡುಗ್ರ ಗತಿ ಏನು?” “ಅದ್ಯಾವ್ದೋ ಹ್ಯಾಕ್ ಆಯ್ತಂತಲ್ಲ, ನಮ್ಗೂ ಆಗುತ್ತಾ?” ನಾನು ಪಂಡಿತನಲ್ಲ. ಆದರೆ ಟೆಕ್ನಾಲಜಿ ಸುದ್ದಿ ಯಾವುದೇ ಬರಲಿ, ಎರಡು ಪ್ರಶ್ನೆ ಹಾಕಿ ನೋಡುವ ಅಭ್ಯಾಸವಾಗಿದೆ. ಇದರ ಕೀಲಿ ಯಾರ ಹತ್ತಿರ ಇದೆ? ಇದು ಕೈಕೊಟ್ಟ ದಿನ ಕೆಲಸ ನಡೆಯುವುದು ಹೇಗೆ? ಈ ಎರಡು ಪ್ರಶ್ನೆಗಳಿಂದ ನಾನು ಕಲಿತದ್ದು ಇಷ್ಟು.

1. ಘೋಷಣೆಯೇ ಬೇರೆ, ಚಾಲನೆಯೇ ಬೇರೆ

ಇಸ್ರೋ ಬಾಹ್ಯಾಕಾಶಕ್ಕೆ ಕಳಿಸಲೆಂದು ಮಾಡಿದ ಹೆಣ್ಣಿನ ರೂಪದ ‘ವ್ಯೋಮಮಿತ್ರ’ ರೋಬೋಟನ್ನು ಬೆಂಗಳೂರಿನಲ್ಲಿ ಜನರ ಮುಂದೆ ತಂದದ್ದು 2020ರ ಜನವರಿಯಲ್ಲಿ. ಇನ್ನೇನು ಹಾರಿಯೇ ಬಿಡುತ್ತಾಳೆ ಎಂಬಂತೆ ಸುದ್ದಿಯಾಯಿತು. 2025 ಮುಗಿದಾಗಲೂ ಅವಳು ಹಾರಿರಲಿಲ್ಲ. ಇದು ಇಸ್ರೋ ಮೇಲಿನ ದೂರಲ್ಲ. ಮನುಷ್ಯರನ್ನು ಕಳಿಸುವ ಮುಂಚಿನ ಪರೀಕ್ಷೆಗೆ ಅಷ್ಟು ಸಮಯ ಬೇಕೇ ಬೇಕು. ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ‘ಚಾಲಕನಿಲ್ಲದ ರೈಲು’ ಎಂದು ವರ್ಷಗಟ್ಟಲೆ ಓದಿದ್ದೆವು. ಆರಂಭದಲ್ಲಿ ಅದನ್ನು ನಡೆಸಿದ್ದು ಲೋಕೊ ಪೈಲಟ್‌ಗಳೇ.

ಹಾಗಾಗಿ ‘ಮಾಡಲಿದೆ’, ‘ಬರಲಿದೆ’ ಎಂದು ಮುಗಿಯುವ ಸುದ್ದಿಯನ್ನು ಒಂದು ಕಡೆ ಇಡುತ್ತೇನೆ, ‘ಮಾಡುತ್ತಿದೆ’ ಎಂದು ಮುಗಿಯುವುದನ್ನು ಇನ್ನೊಂದು ಕಡೆ. ಹಣ ಹಾಕುವುದಿದ್ದರೆ ಎರಡನೆಯದನ್ನು ಮಾತ್ರ ನಂಬಬೇಕು.

2. ರೋಬೋಟ್ ನೋಡುವ ಮುಂಚೆ ನೆಲ ನೋಡಿ

ಗೋಡೌನ್ ರೋಬೋಟ್ ನಮ್ಮ ಜಿಲ್ಲೆಯ ಸುತ್ತಮುತ್ತಲಿಗೆ ಹೊಸದಲ್ಲ. 2019ರಲ್ಲೇ ಫ್ಲಿಪ್‌ಕಾರ್ಟ್ ಬೆಂಗಳೂರಿನ ಸೌಖ್ಯ ರಸ್ತೆಯ ತನ್ನ ಕೇಂದ್ರದಲ್ಲಿ ಪಾರ್ಸೆಲ್ ವಿಂಗಡಿಸಲು ನೂರಕ್ಕೂ ಹೆಚ್ಚು ರೋಬೋಟ್‌ಗಳನ್ನು ಇಳಿಸಿತ್ತು. ಗಂಟೆಗೆ 4,500 ಪಾರ್ಸೆಲ್ ಎಂದು ಕಂಪನಿ ಹೇಳಿತ್ತು. ಅಮೆಜಾನ್ 2025ರ ಹೊತ್ತಿಗೆ ಜಗತ್ತಿನಾದ್ಯಂತ 10 ಲಕ್ಷ ರೋಬೋಟ್ ಮುಟ್ಟಿತು.

ಈ ಜಾತಿಯ ರೋಬೋಟ್ ಅಂದರೆ ಮೊಣಕಾಲೆತ್ತರದ, ಚಪ್ಪಟೆ, ಚಕ್ರದ ಪೆಟ್ಟಿಗೆ. ನೆಲಕ್ಕೆ ಚೌಕ ಚೌಕವಾಗಿ ಅಂಟಿಸಿದ ಕ್ಯೂಆರ್ ಸ್ಟಿಕ್ಕರನ್ನು ಹೊಟ್ಟೆಯಡಿಯ ಕ್ಯಾಮೆರಾದಿಂದ ಓದುತ್ತಾ ಅದು ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ಸ್ಟಿಕ್ಕರ್ ಕಿತ್ತುಹೋದರೆ, ಧೂಳು ಕೂತರೆ, ನೆಲ ಏರುತಗ್ಗಾಗಿದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆಯ ಸಣ್ಣ ಗೋಡೌನುಗಳ ಸಿಮೆಂಟ್ ನೆಲ ನೋಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಇನ್ನು ಲಾರಿಯ ಸ್ಥಿತಿ. ಅಕ್ಕಿ ಮೂಟೆ, ಪೈಪು, ಒಡೆದ ರಟ್ಟಿನ ಪೆಟ್ಟಿಗೆ, ನೆನೆದ ಟಾರ್ಪಾಲು ಎಲ್ಲ ಒಂದರ ಮೇಲೊಂದು. ಅದನ್ನು ನೋಡಿದ ತಕ್ಷಣ ಎಲ್ಲಿಂದ ಇಳಿಸಬೇಕೆಂದು ಹಮಾಲಿಗೆ ಗೊತ್ತಾಗುತ್ತದೆ. ಒಂದೇ ಅಳತೆಯ ಪೆಟ್ಟಿಗೆ ಹೊರುವ ಕೆಲಸ ಮೊದಲು ಹೋಗುತ್ತದೆ, ದಿನಕ್ಕೊಂದು ಬಗೆಯ ಮಾಲು ಇಳಿಸುವ ಕೆಲಸ ತಡವಾಗಿ ಹೋಗುತ್ತದೆ. “ಗತಿ ಏನು” ಎಂದು ಕೇಳುವವರಿಗೆ ನನ್ನ ಉತ್ತರ: ಹುಡುಗರಿಗೆ ಸ್ಕ್ಯಾನರ್ ಹಿಡಿಯುವುದು, ಸ್ಟಾಕ್ ಎಂಟ್ರಿ ಮಾಡುವುದು ಈಗಲೇ ಕಲಿಸಿ. ರೋಬೋಟ್ ಬಂದ ಕಡೆಯೂ ಆ ಕೈಗಳು ಬೇಕು.

3. ರೋಬೋಟಿಗೂ ಪಾಸ್‌ವರ್ಡ್ ಇದೆ

ರೋಬೋಟ್ ಎಂದರೆ ಕೈಕಾಲು ಬಂದ ಕಂಪ್ಯೂಟರ್. ಕಂಪ್ಯೂಟರಿನ ಕಾಯಿಲೆಗಳೆಲ್ಲ ಅದಕ್ಕೂ ಬರುತ್ತವೆ. ಚೀನಾದ ಯೂನಿಟ್ರೀ ಕಂಪನಿಯ ನಾಯಿಯಾಕಾರದ, ಮನುಷ್ಯಾಕಾರದ ರೋಬೋಟ್‌ಗಳಲ್ಲಿ ಬ್ಲೂಟೂತ್ ಮೂಲಕ ಒಳನುಗ್ಗಬಹುದಾದ ದೋಷವನ್ನು ಸಂಶೋಧಕರು 2025ರ ಸೆಪ್ಟೆಂಬರ್‌ನಲ್ಲಿ ಬಯಲು ಮಾಡಿದರು. ಎಲ್ಲ ರೋಬೋಟಿಗೂ ಒಂದೇ ಕೀಲಿಯನ್ನು ಕಾರ್ಖಾನೆಯಲ್ಲೇ ಬರೆದಿಟ್ಟಿದ್ದರು. ಒಂದು ಕೆಟ್ಟರೆ ಅದು ಪಕ್ಕದ್ದನ್ನೂ ಕೆಡಿಸಬಹುದಿತ್ತು. ಅದಕ್ಕೂ ಮುಂಚೆ, 2024ರಲ್ಲಿ, ಅಮೆರಿಕದ ಕೆಲವು ಮನೆಗಳಲ್ಲಿ ಕಸ ಗುಡಿಸುವ ರೋಬೋಟ್‌ಗಳು ಯಾರದೋ ಕೈವಶವಾಗಿ ಮನೆಯವರಿಗೇ ಬೈಯತೊಡಗಿದ್ದವು.

ಸಿನಿಮಾದಲ್ಲಿ ರೋಬೋಟ್ ತಾನಾಗಿಯೇ ಬುದ್ಧಿ ಬಂದು ತಿರುಗಿಬೀಳುತ್ತದೆ. ನನ್ನ ಭಯ ಬೇರೆ. ಅದು ವಿಧೇಯವಾಗಿಯೇ ಇರುತ್ತದೆ, ಆದರೆ ಯಾರಿಗೆ ಎಂಬುದೇ ಪ್ರಶ್ನೆ. ಯಂತ್ರ ಮಾರಲು ಬಂದವರನ್ನು ಮೂರು ಮಾತು ಕೇಳಿ. ಪಾಸ್‌ವರ್ಡ್ ನಾವು ಬದಲಿಸಬಹುದೇ? ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ? ಇಂಟರ್‌ನೆಟ್ ಇಲ್ಲದೆ ಓಡುತ್ತದೆಯೇ?

4. ಗಲ್ಲಾಪೆಟ್ಟಿಗೆ ಮೇಲಿನ ಡಿವಿಆರ್ ತೆರೆದ ಬಾಗಿಲು

ನಮ್ಮೂರಿನಲ್ಲಿ ನಾನು ಕಂಡ ತೊಂದರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಫೋಟೊ ಪಕ್ಕ, ಸಿಸಿಟಿವಿ ದೃಶ್ಯ ಉಳಿಸಿಡುವ, ಧೂಳು ತುಂಬಿದ ಡಿವಿಆರ್. ಹಾಕಿದವನು ಬೇರೆ ಊರಿಗೆ ಹೋಗಿಯಾಗಿದೆ. ಯೂಸರ್ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಒಂದರಿಂದ ಐದರವರೆಗಿನ ಅಂಕಿ ಅಥವಾ ‘ಅಡ್ಮಿನ್123’. ಮಾಲೀಕರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅಂಗಡಿ ನೋಡಲೆಂದು ರೌಟರಿನಲ್ಲಿ ಪೋರ್ಟ್ ತೆರೆದಿಟ್ಟಿರುತ್ತಾರೆ. ಅವರು ನೋಡುವ ದಾರಿಯಲ್ಲೇ ಜಗತ್ತೂ ಇಣುಕಬಹುದು.

2016ರಲ್ಲಿ ಮಿರಾಯ್ ಎಂಬ ವೈರಸ್ ಮಾಡಿದ್ದು ಇಷ್ಟೇ. ಕಾರ್ಖಾನೆಯಿಂದ ಬಂದ ಸುಮಾರು 60 ಜೋಡಿ ಯೂಸರ್ ಹೆಸರು–ಪಾಸ್‌ವರ್ಡ್‌ಗಳನ್ನು ಹಿಡಿದು ಜಗತ್ತಿನ ಕ್ಯಾಮೆರಾ, ಡಿವಿಆರ್, ರೌಟರುಗಳ ಬಾಗಿಲು ತಟ್ಟುತ್ತಾ ಹೋಯಿತು. ತೆರೆದವನ್ನೆಲ್ಲ ಸೇರಿಸಿ ಅಕ್ಟೋಬರ್ 21ರಂದು ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಗಂಟೆಗಟ್ಟಲೆ ತೊದಲಿದವು. 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಹೊರಬಿದ್ದು ಮಾರಾಟವಾದ ಸಂಗತಿ ಬಯಲಾಯಿತು. ಅಲ್ಲಿಯೂ ಸುಲಭದ ಪಾಸ್‌ವರ್ಡೇ ದಾರಿ ಬಿಟ್ಟಿತ್ತು.

ಅಂಗಡಿಯವರು “ನಮ್ದೇನಿದೆ ಸಾರ್, ಬರೀ ಅಕ್ಕಿ ಬೇಳೆ” ಎನ್ನುತ್ತಾರೆ. ಕಳ್ಳನಿಗೆ ಬೇಕಾದದ್ದು ಅಕ್ಕಿ ಬೇಳೆಯಲ್ಲ, ನಿಮ್ಮ ಡಿವಿಆರ್ ಮತ್ತು ನಿಮ್ಮ ಇಂಟರ್‌ನೆಟ್. ಪಾಸ್‌ವರ್ಡ್ ಬದಲಿಸಿ, ಅದನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ, ಹಾಕಲು ಬಂದವನ ಹತ್ತಿರ ಮಾತ್ರ ಇರುವಂತೆ ಬಿಡಬೇಡಿ.

5. ಬೆರಳಿನ ಗುರುತನ್ನು ಬದಲಿಸಲಾಗದು

ನೆಲಮಂಗಲದಲ್ಲಿ ಜಮೀನು ಕೈಬದಲಾಗುವುದು ದಿನನಿತ್ಯದ ವಹಿವಾಟು. ಕ್ರಯಪತ್ರದಲ್ಲಿ ಹೆಬ್ಬೆಟ್ಟು ಒತ್ತಿದವರು ಈ ಸಂಗತಿ ತಿಳಿದಿರಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಹಲವರ ಖಾತೆಯಿಂದ ಓಟಿಪಿ ಇಲ್ಲದೆ ಹಣ ಹೋಯಿತು. ನೋಂದಣಿ ಪತ್ರಗಳ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಸಿಗುತ್ತಿದ್ದವು. ಅವನ್ನು ಇಳಿಸಿಕೊಂಡು ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು. ಹಳ್ಳಿಯ ಅಜ್ಜಿಗೆ ಪಿಂಚಣಿ ಮನೆ ಬಾಗಿಲಲ್ಲೇ ಸಿಗಲಿ ಎಂದು ಮಾಡಿದ ವ್ಯವಸ್ಥೆ ಅದು. ಅದಕ್ಕೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಅಷ್ಟೇ.

ಪಾಸ್‌ವರ್ಡ್ ಕಳೆದರೆ ಹೊಸದು ಮಾಡಬಹುದು, ಹೊಸ ಹೆಬ್ಬೆರಳು ಸಿಗುವುದಿಲ್ಲ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ, ಹಾಕಿಕೊಳ್ಳಿ. ಒಂದು ಎಚ್ಚರಿಕೆ: ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಕೂರುವುದಿಲ್ಲ. ರೇಷನ್ನಿಗೆ ಹೋಗುವ ದಿನ ತಾತ್ಕಾಲಿಕವಾಗಿ ತೆಗೆಯಬೇಕು. ಮನೆಯ ಹಿರಿಯರಿಗೆ ಇದನ್ನು ಕೂತು ಹೇಳಿಕೊಡಿ.

6. ಸರ್ವರ್ ಡೌನ್ ಆದ ದಿನಕ್ಕೆ ರಸೀದಿ ಪುಸ್ತಕ ಇರಲಿ

2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ತತ್ತರಿಸಿತು. ಇಸಿ (ಋಣಭಾರ ಪತ್ರ) ಹುಡುಕುವ ಸೌಲಭ್ಯದ ಮೇಲೆ 62 ನಕಲಿ ಖಾತೆಗಳಿಂದ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳನ್ನು ಸುರಿದಿದ್ದರು. ಇಂಥ ದಾಳಿಗೆ ಬೀಗ ಒಡೆಯುವುದು ಬೇಕಿಲ್ಲ. ಬಾಗಿಲ ಮುಂದೆ ಸುಳ್ಳು ಜನರನ್ನು ತುಂಬಿದರೆ ನಿಜವಾದವರು ಒಳಗೆ ಹೋಗಲಾರರು. ರಾಜ್ಯದಾದ್ಯಂತ ರಿಜಿಸ್ಟ್ರೇಷನ್‌ಗೆ ಬಂದವರು ಉಪನೋಂದಣಿ ಕಚೇರಿಗಳಿಂದ ಬರಿಗೈಲಿ ಹಿಂದಿರುಗಿದರು.

ವೈರಿಯೇ ಬೇಕೆಂದಿಲ್ಲ, ಕಾಯುವವನ ಕೈತಪ್ಪೂ ಸಾಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅದೇ ತಿಂಗಳ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಒಂದು ಕಂಪನಿಗೆ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಬ್ಯಾಂಕುಗಳ ಯುಪಿಐ ನಿಂತಿತು.

ನಮ್ಮ ಕಡೆಯ ಒಂದು ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಕೆಟ್ಟರೂ ತೂಕ ನಿಲ್ಲುವುದಿಲ್ಲ. ಇಂಡಿಕೇಟರಿನಲ್ಲಿ ಕಂಡ ಅಂಕಿಯನ್ನು ಕಾರ್ಬನ್ ಹಾಕಿದ ರಸೀದಿಯಲ್ಲಿ ಬರೆದು, ಸೀಲು ಒತ್ತಿ, ಲಾರಿ ಕಳಿಸುತ್ತಾರೆ. ಸಂಜೆ ಕಂಪ್ಯೂಟರಿಗೆ ಏರಿಸುತ್ತಾರೆ. ಈ ಭಾಗದಲ್ಲಿ ನಾನು ಕಂಡ ಅತ್ಯುತ್ತಮ ತುರ್ತು ಯೋಜನೆ ಅದೇ.

7. ಸದಾ ಚುಚ್ಚಿಟ್ಟ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ

“ಬ್ಯಾಕಪ್ ಇದೆಯಾ?” ಎಂದರೆ ಬಹಳ ಜನ ಸಿಪಿಯು ಹಿಂದೆ ಚುಚ್ಚಿಟ್ಟ ಪೆನ್‌ಡ್ರೈವ್ ತೋರಿಸುತ್ತಾರೆ. ರ‍್ಯಾನ್ಸಮ್‌ವೇರ್ ಬಂದಾಗ ಕಂಪ್ಯೂಟರಿನ ಜತೆ ಅದಕ್ಕೂ ಬೀಗ ಬೀಳುತ್ತದೆ. ಟ್ಯಾಲಿ ಡೇಟಾ ಎರಡು ಹಾರ್ಡ್‌ಡಿಸ್ಕಿನಲ್ಲಿರಲಿ, ಕಾಪಿ ಆದ ಮೇಲೆ ಕಳಚಿಡಿ, ಒಂದು ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಕಳೆದ ವಾರದ ಬಿಲ್ ಕಾಣುತ್ತದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಪ್‌ಡೇಟಿನ ಮಾತೂ ಇಲ್ಲಿಯೇ ಸೇರಲಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತನ್ನು ಕಾಡಿತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. “ಚೆನ್ನಾಗೇ ಓಡ್ತಿದೆಯಲ್ಲ” ಎನ್ನುವವರಿಗೆ ಹೇಳುವುದೊಂದೇ: ಓಡುತ್ತದೆ, ಕಾವಲಿಲ್ಲದೆ ಓಡುತ್ತದೆ. ಹೊಸದು ಕೊಳ್ಳಲಾಗದಿದ್ದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡ, ಇಂಟರ್‌ನೆಟ್ ತಂತಿ ತೆಗೆದು ಬಿಲ್ಲಿಗೆ ಮಾತ್ರ ಬಳಸಿ.

8. ಸಣ್ಣ ಅನುಮಾನಕ್ಕೂ ಬೆಲೆ ಕೊಡಿ

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್‌ಗೆ ತಮ್ಮ ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಬಿಡಲಿಲ್ಲ, ಬೆನ್ನು ಹತ್ತಿದರು. ಎಕ್ಸ್‌ಜಡ್ ಎಂಬ ಸಣ್ಣ ಸಾಫ್ಟ್‌ವೇರಿನೊಳಗೆ ಯಾರೋ ವರ್ಷಗಟ್ಟಲೆ ನಂಬಿಕೆ ಗಳಿಸಿ ಸೇರಿಸಿದ್ದ ಕಳ್ಳಬಾಗಿಲು ಸಿಕ್ಕಿತು. ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಅದು ಹರಡುವ ಮುಂಚೆಯೇ ಸಿಕ್ಕಿದ್ದು ಪುಣ್ಯ.

ನಮ್ಮ ಊರಿಗೆ ಇಳಿಸಿ ನೋಡಿ. ವಾಟ್ಸ್‌ಆಪ್‌ನಲ್ಲಿ ‘ಆರ್‌ಟಿಒ ಚಲನ್’ ಎಂದು ಒಂದು ಫೈಲ್ ಬರುತ್ತದೆ. ಇನ್ನೊಮ್ಮೆ ಮದುವೆ ಕರೆಯೋಲೆ, ಮತ್ತೊಮ್ಮೆ ‘ಪಿಎಂ ಕಿಸಾನ್’. ಕರೆಯೋಲೆ ಫೋಟೊ ಆಗಿರಬೇಕು ಅಥವಾ ಪಿಡಿಎಫ್ ಆಗಿರಬೇಕು. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಆಪ್. ಒತ್ತಿದ ಮೇಲೆ ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಓಟಿಪಿ ನಿಮಗೂ ಬರುತ್ತದೆ, ಅವನಿಗೂ ಹೋಗುತ್ತದೆ. ಮದುವೆಗೆ ಕರೆಯುವವನಿಗೆ ನಿಮ್ಮ ಎಸ್ಸೆಮ್ಮೆಸ್ ಯಾಕೆ ಬೇಕು? ಆ ಒಂದು ಅನುಮಾನ ಬಂದರೆ ಸಾಕು, ಬಚಾವಾದಿರಿ.

ಬಚಾವಾಗದಿದ್ದರೆ ನಾಚಿಕೊಂಡು ಕೂರಬೇಡಿ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಹೀಗೆ ಕಳೆದುಕೊಂಡಿದ್ದಾರೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದಷ್ಟೂ ಮಧ್ಯದಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಈ ನಾಲ್ಕು ಅಂಕಿಗಳನ್ನು ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಡಿ, ಕೆಲಸದ ಹುಡುಗರಿಗೂ ಬಾಯಿಪಾಠ ಮಾಡಿಸಿ.