ಪದ ಸಂದೇಹ: ‘ಡಡ್ಡೀಸ್’ ಅಂದರೆ ಯಾವ ಬಟ್ಟೆ?

ಪ್ರಶ್ನೆ: ಎಂ.ಎ. ಓದುತ್ತಿದ್ದೇನೆ. ರಾಬರ್ಟ್ ಬರ್ನ್ಸ್‌ನ ‘ಟ್ಯಾಮ್ ಓ ಶಾಂಟರ್’ ಕವನದ ‘ಡಡ್ಡೀಸ್’ ಎಂಬ ಮಾತನ್ನು, ಕೆಲಸಕ್ಕೆ ಬಾರದ್ದು ಎನ್ನುವ ‘ಡಡ್’ ಎಂದು ತಿಳಿದು ಅನುವಾದಿಸಿದೆ. ಅರ್ಥವೇ ಕೂಡಲಿಲ್ಲ. ನನಗೆ ಇಂಗ್ಲಿಷೇ ಬರುವುದಿಲ್ಲವೇನೋ ಎಂಬ ಅಳುಕು ಹುಟ್ಟಿದೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಅಳುಕು ಸಹಜ. ಆದರೆ ತಪ್ಪು ನಿಮ್ಮ ಇಂಗ್ಲಿಷಿನದಲ್ಲ. ಅದು ಸ್ಕಾಟ್ಸ್ (ಸ್ಕಾಟ್ಲೆಂಡಿನ ತಗ್ಗುನಾಡಿನ ಜನರ ನುಡಿ) ಪದ. ‘ಡಡ್ಸ್’ ಎಂದರೆ ಬಟ್ಟೆಬರೆ, ಅದರಲ್ಲೂ ಹರಕು ಬಟ್ಟೆ. ಹುಡುಗಿಯನ್ನು ‘ಲ್ಯಾಸಿ’ ಎನ್ನುವಾಗಿನ ಸಲಿಗೆಯ ‘ಈ’ ಸೇರಿ ಅದು ‘ಡಡ್ಡೀಸ್’ ಆಗಿದೆ. 1790ರಲ್ಲಿ ಬರೆದ ಆ ಕವನದಲ್ಲಿ, ಆಲೊವೇ ಊರಿನ ಹಾಳುಬಿದ್ದ ಚರ್ಚಿನೊಳಗೆ ಮಾಟಗಾತಿಯರು ಕುಣಿದು ಬೆವೆತು ಕಿತ್ತೆಸೆಯುವುದು ಇವನ್ನೇ.

ಈ ಪದ ಮೊದಲು ಹರಕಾಗಿರಲಿಲ್ಲ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಡಡ್ಡೆ’ ಎಂದರೆ ಒರಟು ನೇಯ್ಗೆಯ ಹೊದಿಕೆ. ಸುಮಾರು 1440ರ ಒಂದು ಇಂಗ್ಲಿಷ್–ಲ್ಯಾಟಿನ್ ಪದಕೋಶದಲ್ಲೂ ಅದಿದೆ. ಅದಕ್ಕೂ ಹಿಂದಿನ ಬೇರು ಅನಿಶ್ಚಿತ ಎಂದೇ ನಿಘಂಟುಕಾರರು ಬರೆಯುತ್ತಾರೆ. ಒರಟು ಬಟ್ಟೆ ಬಡವರ ಮೈಮೇಲೆ ಸವೆದು ಚಿಂದಿಯಾದಂತೆ ಪದದ ಅರ್ಥವೂ ಸವೆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಚಿಂದಿ ಉಟ್ಟವನೂ ‘ಡಡ್’ ಆದ, ಆಮೇಲೆ ಖೋಟಾ ವಸ್ತು, ಮೊದಲ ಮಹಾಯುದ್ಧದಲ್ಲಿ ಸಿಡಿಯದ ಶೆಲ್ಲು. ನೀವು ಹಿಡಿದದ್ದು ಈ ಕೊನೆಯ ತುದಿಯನ್ನು, ಅಷ್ಟೆ. ಬಡವನ ಬಟ್ಟೆಯ ಹೆಸರು ಕೊನೆಗೆ ಬೈಗುಳವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ನಿಮ್ಮ ಕಡೆ ‘ಅರಿವಿ’ ಎಂದರೆ ಉಡುವ ಬಟ್ಟೆ. ಮೈಸೂರು ಸೀಮೆಯಲ್ಲಿ ‘ಮಸಿಅರಿವೆ’ ಎಂದರೆ ಒಲೆಯಿಂದ ಪಾತ್ರೆ ಇಳಿಸುವ ಹಳೆಯ ತುಂಡು. ‘ಡಡ್ಸ್’ ಕೂಡ ಹೀಗೇ ಎರಡು ಕಡೆ ನಿಲ್ಲುತ್ತದೆ. ಅನುವಾದದಲ್ಲಿ ‘ಹರಕು ಅರಿವಿ’ ಎಂದು ಬರೆಯಿರಿ. ‘ವಸ್ತ್ರ’ ಬೇಡ, ಅದು ತೀರಾ ಮಡಿ. ಮುಂದೆ ಇಂಥ ಪದ ಎದುರಾದರೆ ಮೊದಲು ಸ್ಕಾಟ್ಸ್ ನಿಘಂಟು ನೋಡಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ನಮ್ಮ ‘ದಡ್ಡ’ ಇಂಗ್ಲಿಷಿನ ‘ಡಡ್’ನಿಂದ ಬಂದಿದೆಯೇ? ತರಗತಿಯಲ್ಲಿ ಹಾಗೆ ಹೇಳಿಬಿಟ್ಟೆ, ಈಗ ಹೆದರಿಕೆ.
– ಶಿಕ್ಷಕರು, ಶಿವಮೊಗ್ಗ

ಉತ್ತರ: ಹೆದರಬೇಡಿ, ದನಿ ಅಷ್ಟು ಹತ್ತಿರವಿದ್ದಾಗ ಯಾರಿಗೂ ಹಾಗೆ ಅನ್ನಿಸುತ್ತದೆ. ಆದರೆ ‘ದಡ್ಡ’ ನಮ್ಮದೇ ಪದ. ತುಳುವಿನಲ್ಲೂ ‘ದಡ್ಡೆ’ ಇದೆ. ನಾಳೆ ಮಕ್ಕಳ ಮುಂದೆ ತಿದ್ದಿ ಹೇಳಿ: ಇವೆರಡೂ ಬೇರೆ ಬೇರೆ ಮನೆಯ ಪದಗಳು.