ಕಂಪ್ಯೂಟರಿನೊಳಗೆ ಬಂದ ಮರದ ಕುದುರೆ

ಮಕ್ಕಳೇ, ದೀಪಾವಳಿ ಮುಗಿದೊಡನೆ ಗುಮಟಾಪುರದಲ್ಲಿ ನಡೆಯುವ ಗೊರೆ ಹಬ್ಬವನ್ನು ನೀವು ನೋಡಿದ್ದೀರಿ. ಊರಿನ ಕೊಟ್ಟಿಗೆಗಳಿಂದ ಸಗಣಿ ತಂದು ಬೀರೇಶ್ವರ ದೇವಸ್ಥಾನದ ಬಳಿ ರಾಶಿ ಹಾಕುತ್ತಾರೆ. ದೊಡ್ಡವರೂ ಹುಡುಗರೂ ಸಗಣಿಯ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದು ನಗುತ್ತಾರೆ. ಆ ಹಬ್ಬದಲ್ಲಿ ಚಾಡಿಕೋರನ ಅಣಕವೂ ಉಂಟು. ಮನೆಯೊಳಗಿನ ಮಾತನ್ನು ಕದ್ದು ಕೇಳಿ ಹೊರಗೆ ಹೇಳುವವನೇ ಚಾಡಿಕೋರ. ಇಂದು ನಾವು ಕಣ್ಣಿಗೆ ಕಾಣದ ಒಬ್ಬ ಚಾಡಿಕೋರನ ವಿಷಯ ತಿಳಿಯೋಣ. ಅವನು ಇರುವುದು ಕಂಪ್ಯೂಟರಿನೊಳಗೆ. ಅವನನ್ನು ಟ್ರೋಜನ್ ಎಂದು ಕರೆಯುತ್ತಾರೆ.

ಈ ಹೆಸರು ಒಂದು ಹಳೆಯ ಕತೆಯಿಂದ ಬಂದಿದೆ. ಟ್ರಾಯ್ ಎಂಬುದು ಈಗಿನ ಟರ್ಕಿ ದೇಶದಲ್ಲಿದ್ದ ಒಂದು ಪಟ್ಟಣ. ಗ್ರೀಕರು ಅದನ್ನು ಹತ್ತು ವರ್ಷ ಮುತ್ತಿದರೂ ಕೋಟೆಯ ಗೋಡೆಯನ್ನು ದಾಟಲಾಗಲಿಲ್ಲ. ಕೊನೆಗೆ ಅವರು ಮರದ ಒಂದು ದೊಡ್ಡ ಕುದುರೆಯನ್ನು ಮಾಡಿ ಬಾಗಿಲ ಮುಂದೆ ನಿಲ್ಲಿಸಿ, ಹಡಗು ಹತ್ತಿ ಹೊರಟುಹೋದಂತೆ ನಟಿಸಿದರು. ಅದರ ಹೊಟ್ಟೆಯೊಳಗೆ ಸೈನಿಕರು ಅಡಗಿದ್ದರು. “ಅದನ್ನು ಒಳಗೆ ತರಬೇಡಿ” ಎಂದು ಪೂಜಾರಿಯೊಬ್ಬನು ಎಚ್ಚರಿಸಿದನು. ಯಾರೂ ಕೇಳಲಿಲ್ಲ. ಟ್ರಾಯ್ ಜನರು ಕುದುರೆಯನ್ನು ತಾವೇ ಎಳೆದು ಒಳಗೆ ತಂದರು. ರಾತ್ರಿ ಸೈನಿಕರು ಹೊರಬಂದು ಕೋಟೆಯ ಬಾಗಿಲು ತೆರೆದರು.

“ತಾವೇ ಎಳೆದು ತಂದರು” ಎಂಬ ಮಾತನ್ನು ನೆನಪಿನಲ್ಲಿಡಿ. ನಿಮ್ಮ ಹೊಲಗಳಿಗೆ ಕಾಡಿನಿಂದ ಆನೆ ಬರುತ್ತದೆ. ಅದಕ್ಕೆ ಬೇಲಿ ಇದೆ, ಅಟ್ಟಣೆಯ ಮೇಲೆ ರಾತ್ರಿ ಕಾಯುವವರಿದ್ದಾರೆ. ಆದರೆ ಹೊಲದ ಒಡೆಯನೇ ಬೇಲಿಯನ್ನು ತೆರೆದು ಕರೆದರೆ ಕಾವಲುಗಾರನು ಏನು ಮಾಡಿಯಾನು? ಟ್ರೋಜನ್ ಕೂಡ ಹೀಗೆಯೇ. ವೈರಸ್ಸು ತನ್ನಂತಹ ಪ್ರತಿಗಳನ್ನು ತಾನೇ ಮಾಡಿಕೊಂಡು ಒಂದು ಕಡತದಿಂದ ಇನ್ನೊಂದಕ್ಕೆ ಹರಡುತ್ತದೆ. ಟ್ರೋಜನ್ ತಾನಾಗಿ ಹರಡುವುದಿಲ್ಲ. ಆಟವೋ ಹಾಡೋ ಸಿನಿಮಾವೋ ಎಂಬ ವೇಷ ಹಾಕಿ ನಿಂತಿರುತ್ತದೆ. ನಾವು ಅದನ್ನು ಒತ್ತಿದಾಗ ಒಳಗೆ ಬರುತ್ತದೆ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅದು ಗುಮಟಾಪುರದ ನಿಮ್ಮ ಮನೆಯೆಂದೇ ಎಣಿಸಿ.

ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ತಮಿಳುನಾಡು ಸರ್ಕಾರವು 2011ರಲ್ಲಿ ಮೇಲ್ನಿಲೆ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ನಿಮ್ಮ ಚಿಕ್ಕಪ್ಪನಿಗೆ ಆಗ ಸಿಕ್ಕಿದ್ದು ಇದು. ಈಗ ಕಾಲೇಜಿನಲ್ಲಿ ಓದುವ ಅಕ್ಕ ಅದನ್ನು ಬಳಸುತ್ತಾಳೆ. ಬ್ಯಾಟರಿ ಎಂದೋ ಹೋಗಿದೆ. ವಯರ್ ಸಿಕ್ಕಿಸಿದರೆ ಮಾತ್ರ ನಡೆಯುತ್ತದೆ. ಆದರೂ ಮನೆಯವರಿಗೆ ಅದು ಬೇಕು. ಅಕ್ಕನ ಅಂಕಪಟ್ಟಿಗಳು, ಜಮೀನಿನ ಪಟ್ಟಾದ ಪ್ರತಿ, ಅಪ್ಪ ಎಲೆಕೋಸು ಮಾರಿದ ಲೆಕ್ಕ ಎಲ್ಲವೂ ಅದರಲ್ಲಿವೆ. ತೀರಿಕೊಂಡ ತಾತ ಗೊರೆ ಹಬ್ಬದ ದಿನ ಮೈತುಂಬ ಸಗಣಿ ಮೆತ್ತಿಕೊಂಡು ನಗುತ್ತ ನಿಂತ ಚಿತ್ರವೂ ಅದರಲ್ಲಿದೆ. ಆ ಚಿತ್ರದ ಇನ್ನೊಂದು ಪ್ರತಿ ಬೇರೆಲ್ಲೂ ಇಲ್ಲ.

ಒಂದು ಸಂಜೆ ಅಜ್ಜಿಗೆ ರಾಜ್‌ಕುಮಾರ್ ಅವರ ಹಳೆಯ ಸಿನಿಮಾ ನೋಡುವ ಆಸೆಯಾಯಿತು. ರಾಜ್‌ಕುಮಾರ್ ಎಂದರೆ ನಮ್ಮ ತಾಳವಾಡಿ ಬೆಟ್ಟದ ಗಾಜನೂರಿನವರಲ್ಲವೇ? ನೀವು ಫೋನಿನ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಹುಡುಕಿದಿರಿ. “ಉಚಿತ ಸಿನಿಮಾ, ಇಲ್ಲಿ ಒತ್ತಿ” ಎಂದು ಒಂದು ಕಡೆ ಕಂಡಿತು. ಒತ್ತಿದಿರಿ. ಸಿನಿಮಾ ಬರಲಿಲ್ಲ. ಕಪ್ಪು ಚೌಕವೊಂದು ಮಿಂಚಿ ಮಾಯವಾಯಿತು, ಅಷ್ಟೇ.

ಮರುದಿನದಿಂದ ಲ್ಯಾಪ್‌ಟಾಪ್ ತೆವಳತೊಡಗಿತು. ಯಾರೂ ಕೇಳದ ಜಾಹೀರಾತುಗಳು ತೆರೆಯ ಮೇಲೆ ಬಂದವು. ಯಾರೂ ಏನೂ ಮಾಡದಿದ್ದಾಗಲೂ ಫೋನಿನ ಡೇಟಾ ಖಾಲಿಯಾಗತೊಡಗಿತು. ವೈರಸ್ಸನ್ನು ಕಾಯುವ ಪ್ರೋಗ್ರಾಂ ತಾನಾಗಿ ನಿಂತುಹೋಗಿತ್ತು.

ಹಳೆಯ ಕಂಪ್ಯೂಟರ್ ನಿಧಾನವಾದರೆ ಅದರಲ್ಲಿ ಟ್ರೋಜನ್ ಇದ್ದೇ ಇದೆ ಎಂದು ತಿಳಿಯಬಾರದು. ಫ್ಯಾನಿನಲ್ಲಿ ದೂಳು ಕೂತು ಬಿಸಿಯಾದರೂ, ಜಾಗ ತುಂಬಿಹೋದರೂ ಅದು ನಿಧಾನವಾಗುತ್ತದೆ. ಆದರೆ ಇಲ್ಲಿ ಕಾವಲುಗಾರನೇ ಮಲಗಿದ್ದಾನೆ, ಮನೆಯಿಂದ ಏನೋ ಹೊರಗೆ ಹೋಗುತ್ತಿದೆ. ಇದು ದೂಳಿನ ಕೆಲಸವಲ್ಲ.

ಈಗ ನೀವು ಮಾಡಬೇಕಾದ ಮೊದಲ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಅಕ್ಕನ ಹತ್ತಿರ ಹೋಗಿ ಹೇಳಬೇಕು.

“ಅಕ್ಕ, ಅದನ್ನು ಒತ್ತಿದ್ದು ನಾನೇ.”

“ಯಾವಾಗ ಒತ್ತಿದ್ದು? ತೆರೆಯ ಮೇಲೆ ಏನು ಬಂತು?”

ಬೈಗುಳ ಬಿದ್ದರೂ ಬೀಳಲಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರಿನ ಕಡತವನ್ನು ಒತ್ತಿದಿರಿ ಎಂಬುದು ತಿಳಿದರೆ ಅಕ್ಕನ ಕೆಲಸ ಅರ್ಧ ಮುಗಿದಂತೆ. ನೀವು ಮುಚ್ಚಿಟ್ಟ ಒಂದೊಂದು ದಿನವೂ ಆ ಚಾಡಿಕೋರನಿಗೆ ಲಾಭ. ಏಕೆಂದರೆ ಕೆಲವು ಟ್ರೋಜನ್‌ಗಳು ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಬರೆದಿಟ್ಟುಕೊಂಡು ದೂರದಲ್ಲಿರುವ ಕಳ್ಳನಿಗೆ ಕಳಿಸುತ್ತವೆ. ಅಕ್ಕ ಬ್ಯಾಂಕಿನ ಗುಪ್ತಪದವನ್ನು ಒತ್ತಿದರೆ ಅದೂ ಹೋಗುತ್ತದೆ. ಇನ್ನು ಕೆಲವು ನಮ್ಮ ಕಂಪ್ಯೂಟರನ್ನು ಕಳ್ಳನ ಕೈಗೇ ಕೊಟ್ಟುಬಿಡುತ್ತವೆ.

ಅಕ್ಕ ಮೊದಲು ಫೋನಿನ ಇಂಟರ್‌ನೆಟ್ಟನ್ನು ತಪ್ಪಿಸಿದಳು. ಚಾಡಿಕೋರನು ಮನೆಯೊಳಗೇ ಇದ್ದರೂ ಹೊರಗೆ ಹೋಗುವ ದಾರಿ ಮುಚ್ಚಿತು. ಆಮೇಲೆ, “ಇದು ಸರಿಯಾಗುವ ತನಕ ಇದರಲ್ಲಿ ಯಾರೂ ಗುಪ್ತಪದ ಒತ್ತಬಾರದು” ಎಂದು ಮನೆಯವರಿಗೆಲ್ಲ ಹೇಳಿದಳು. ಅಂದೇ ಅಪ್ಪನನ್ನು ಕೂರಿಸಿಕೊಂಡು, ಸೋಂಕಿಲ್ಲದ ಇನ್ನೊಂದು ಕಂಪ್ಯೂಟರಿನಿಂದ ಬ್ಯಾಂಕಿನ ಮತ್ತು ಮಿಂಚಂಚೆಯ ಗುಪ್ತಪದಗಳನ್ನು ಬದಲಾಯಿಸಿದಳು. ಇದನ್ನು ಸೋಂಕಿರುವ ಲ್ಯಾಪ್‌ಟಾಪಿನಲ್ಲೇ ಮಾಡಿದ್ದರೆ ಕಳ್ಳನಿಗೆ ಹಳೆಯ ಬೀಗದ ಕೈಯ ಜೊತೆಗೆ ಹೊಸದನ್ನೂ ಕೊಟ್ಟಂತಾಗುತ್ತಿತ್ತು.

ಮುಂದಿನ ಕೆಲಸ ತಾತನ ಚಿತ್ರವನ್ನು ಉಳಿಸುವುದು. ಇದಕ್ಕೆ ಅಕ್ಕ ಒಂದು ಜಾಣತನ ಮಾಡಿದಳು. ಸರ್ಕಾರ ಕೊಟ್ಟ ಆ ಕಾಲದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಅಲ್ಲದೆ ಬಾಸ್ ಲಿನಕ್ಸ್ ಎಂಬ ಎರಡನೆಯ ಕಾರ್ಯಾಚರಣೆ ವ್ಯವಸ್ಥೆಯೂ ಇತ್ತು. ಅದನ್ನು ಸಿದ್ಧಪಡಿಸಿದ್ದು ಭಾರತದ ಸಿ-ಡಾಕ್ ಸಂಸ್ಥೆ. ಕಂಪ್ಯೂಟರನ್ನು ಎಚ್ಚರಿಸಿ ಕೆಲಸಕ್ಕೆ ಹಚ್ಚುವುದೇ ಕಾರ್ಯಾಚರಣೆ ವ್ಯವಸ್ಥೆ. ನಮ್ಮ ಟ್ರೋಜನ್ ವಿಂಡೋಸಿಗೆಂದು ಬರೆದದ್ದು. ವಿಂಡೋಸ್ ಎದ್ದರೆ ಅದೂ ಏಳುತ್ತದೆ. ಲಿನಕ್ಸ್ ಎದ್ದರೆ ಅದು ಸತ್ತ ಕಡತದಂತೆ ಬಿದ್ದಿರುತ್ತದೆ. ಅಕ್ಕ ಲಿನಕ್ಸಿನಲ್ಲಿ ಕಂಪ್ಯೂಟರನ್ನು ತೆರೆದು ಚಿತ್ರಗಳನ್ನೂ ಅಂಕಪಟ್ಟಿಗಳನ್ನೂ ಪಟ್ಟಾವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡಳು. ಆಟಗಳನ್ನಾಗಲಿ ಬೇರೆ ಪ್ರೋಗ್ರಾಂಗಳನ್ನಾಗಲಿ ಮುಟ್ಟಲಿಲ್ಲ. ಸೋಂಕು ಅಡಗಿರುವುದು ಹೆಚ್ಚಾಗಿ ಅಂಥವುಗಳಲ್ಲೇ. ಆ ಪೆನ್‌ಡ್ರೈವನ್ನು ಪರೀಕ್ಷಿಸದೆ ಬೇರೆ ಯಾವ ಕಂಪ್ಯೂಟರಿಗೂ ಹಾಕಬಾರದೆಂದು ಅದಕ್ಕೆ ಕೆಂಪು ದಾರ ಕಟ್ಟಿದಳು.

ಮರುದಿನ ಅಕ್ಕ ಕಾಲೇಜಿನ ಕಂಪ್ಯೂಟರಿನಿಂದ ಸೋಂಕು ಹುಡುಕುವ ಒಂದು ಉಪಕರಣವನ್ನು ಬೇರೆ ಪೆನ್‌ಡ್ರೈವಿನಲ್ಲಿ ತಂದಳು. ಇಂತಹ ಉಪಕರಣಗಳನ್ನು ಜನರಿಗೆ ಉಚಿತವಾಗಿ ಒದಗಿಸಲು ಕೇಂದ್ರ ಸರ್ಕಾರವು 2017ರಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ವನ್ನು ತೆರೆಯಿತು. “ನಿಮ್ಮ ಕಂಪ್ಯೂಟರಿನಲ್ಲಿ 500 ವೈರಸ್ಸುಗಳಿವೆ, ಕೂಡಲೇ ಇಲ್ಲಿ ಒತ್ತಿ” ಎಂದು ತಾನಾಗಿ ಹಾರಿಬರುವ ಉಪಕರಣಗಳನ್ನು ನಂಬಬಾರದು. ಅವೂ ಮರದ ಕುದುರೆಗಳೇ!

ಲ್ಯಾಪ್‌ಟಾಪನ್ನು ಹಚ್ಚಿದೊಡನೆ ಅಕ್ಕ ಎಫ್8 ಕೀಲಿಯನ್ನು ಮತ್ತೆ ಮತ್ತೆ ಒತ್ತಿದಳು. ಹಳೆಯ ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7ರಲ್ಲಿ ಹೀಗೆ ಮಾಡಿದರೆ ‘ಸೇಫ್ ಮೋಡ್’ ಎಂಬ ದಾರಿ ಕಾಣುತ್ತದೆ. ಈ ದಾರಿಯಲ್ಲಿ ತೀರ ಅಗತ್ಯವಾದ ಪ್ರೋಗ್ರಾಂಗಳು ಮಾತ್ರ ಏಳುತ್ತವೆ. ಹೆಚ್ಚಿನ ಟ್ರೋಜನ್‌ಗಳು ಮಲಗಿಯೇ ಇರುತ್ತವೆ. ಎದ್ದು ಓಡಾಡುವ ಕಳ್ಳನಿಗಿಂತ ಮಲಗಿದ ಕಳ್ಳನನ್ನು ಹಿಡಿಯುವುದು ಸುಲಭವಲ್ಲವೇ?

ಹುಡುಕಾಟ ಗಂಟೆಗಟ್ಟಲೆ ನಡೆಯಿತು. ಬ್ಯಾಟರಿ ಇಲ್ಲದ್ದರಿಂದ ನಡುವೆ ಕರೆಂಟು ಹೋಗಿ ಮೊದಲಿನಿಂದ ಶುರುಮಾಡಬೇಕಾಯಿತು. ಉಪಕರಣವು ಏನನ್ನು ಹುಡುಕುತ್ತದೆ ಗೊತ್ತೇ? ಪೊಲೀಸರ ಹತ್ತಿರ ಕಳ್ಳರ ಬೆರಳಚ್ಚುಗಳು ಇರುವಂತೆ, ಅದರ ಹತ್ತಿರ ಈವರೆಗೆ ಸಿಕ್ಕಿಬಿದ್ದ ಟ್ರೋಜನ್‌ಗಳ ಗುರುತುಗಳ ಪಟ್ಟಿ ಇರುತ್ತದೆ. ಪ್ರತಿಯೊಂದು ಕಡತವನ್ನೂ ಆ ಪಟ್ಟಿಯೊಡನೆ ಹೋಲಿಸಿ ನೋಡುತ್ತದೆ. ಆದ್ದರಿಂದ ಪಟ್ಟಿ ಹೊಸದಾಗಿರಬೇಕು. ಹೋದ ವರ್ಷದ ಪಟ್ಟಿಗೆ ಈ ವರ್ಷದ ಕಳ್ಳ ಸಿಕ್ಕುವುದಿಲ್ಲ.

ನಿಮಗೂ ಅಕ್ಕ ಒಂದು ಕೆಲಸ ಕೊಟ್ಟಳು. ತೆರೆಯ ಮೇಲೆ ಬರುವ ಹೆಸರುಗಳನ್ನು ಒಂದಕ್ಷರವೂ ತಪ್ಪದಂತೆ ನೋಟ್‌ಪುಸ್ತಕದಲ್ಲಿ ಬರೆಯುವುದು. ಇದು ಸಣ್ಣ ಕೆಲಸವಲ್ಲ. ವಿಂಡೋಸಿನಲ್ಲಿ ‘ಎಸ್-ವಿ-ಸಿ-ಹೋಸ್ಟ್’ ಎಂಬ ಒಳ್ಳೆಯ ಕಡತವಿದೆ. ಅದು ಇಲ್ಲದೆ ಕಂಪ್ಯೂಟರ್ ನಡೆಯದು. ಟ್ರೋಜನ್ ಬರೆಯುವವರು ‘ಎಸ್-ಸಿ-ವಿ-ಹೋಸ್ಟ್’ ಎಂದು ನಡುವಿನ ಎರಡಕ್ಷರ ಅದಲುಬದಲು ಮಾಡಿ ಹೆಸರಿಡುವುದುಂಟು. ಅವಸರದಲ್ಲಿ ಓದಿದರೆ ಎರಡೂ ಒಂದೇ ಎನಿಸುತ್ತದೆ. ಕಳ್ಳನನ್ನು ಬಿಟ್ಟು ಒಳ್ಳೆಯವನನ್ನು ಅಳಿಸಿದರೆ ಲ್ಯಾಪ್‌ಟಾಪ್ ಮತ್ತೆ ಏಳುವುದೇ ಇಲ್ಲ. ನೀವು ಒತ್ತಿದ ಕಡತದ ಹೆಸರೂ ಅಂಥದ್ದೇ. ಸಿನಿಮಾದ ಹೆಸರಿನ ಕೊನೆಗೆ ‘ಡಾಟ್ ಇ-ಎಕ್ಸ್-ಇ’ ಎಂದಿತ್ತು. ಈ ಬಾಲವಿದ್ದರೆ ಅದು ಸಿನಿಮಾ ಅಲ್ಲ, ಪ್ರೋಗ್ರಾಂ. ವಿಂಡೋಸ್ ಸಾಮಾನ್ಯವಾಗಿ ಈ ಬಾಲವನ್ನು ಮರೆಮಾಡಿರುತ್ತದೆ. ಅಕ್ಕ ಅದು ಕಾಣುವಂತೆ ಬದಲಾಯಿಸಿದಳು.

ಎರಡು ಕಡತಗಳು ಸಿಕ್ಕಿಬಿದ್ದವು. ಉಪಕರಣವು ಅವನ್ನು ಕೂಡಲೇ ಅಳಿಸದೆ ಬೇರೆಯಾಗಿ ಕೂಡಿಹಾಕಿತು. ಕಾಲುಬಾಯಿ ರೋಗ ಬಂದ ಹಸುವನ್ನು ಬೇರೆ ಕಟ್ಟುವುದಿಲ್ಲವೇ, ಹಾಗೆ. ಅವು ಅಗತ್ಯವಾದ ಕಡತಗಳಲ್ಲವೆಂದು ಖಚಿತವಾದ ಮೇಲೆ ಅಕ್ಕ ಅಳಿಸಿದಳು. ಹಿಂದಿನ ಸ್ಥಿತಿಗೆ ಮರಳಲೆಂದು ವಿಂಡೋಸ್ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನೂ ತೆಗೆದಳು, ಏಕೆಂದರೆ ಅವುಗಳಲ್ಲಿಯೂ ಟ್ರೋಜನ್ ಉಳಿದಿರಬಹುದು. ಬಳಿಕ ಬೇರೊಂದು ಉಪಕರಣದಿಂದ ಇಡೀ ಲ್ಯಾಪ್‌ಟಾಪನ್ನೂ ಕೆಂಪು ದಾರದ ಪೆನ್‌ಡ್ರೈವನ್ನೂ ಮತ್ತೆ ಪರೀಕ್ಷಿಸಿದಳು. ಏನೂ ಸಿಗಲಿಲ್ಲ.

“ಇಷ್ಟೆಲ್ಲ ಏಕೆ? ಮೊದಲೇ ಎಲ್ಲವನ್ನೂ ಅಳಿಸಿಬಿಡಬಹುದಿತ್ತಲ್ಲ?” ಎಂದು ನೀವು ಕೇಳಬಹುದು. ಹಾಗೆ ಮಾಡಿ ಕೆಟ್ಟವರಿದ್ದಾರೆ. 1989ರ ಡಿಸೆಂಬರಿನಲ್ಲಿ ಹಲವು ದೇಶಗಳ ಸುಮಾರು 20,000 ಜನರಿಗೆ ಅಂಚೆಯಲ್ಲಿ ಒಂದು ಫ್ಲಾಪಿ ತಟ್ಟೆ ಬಂತು. ಏಡ್ಸ್ ರೋಗದ ಬಗ್ಗೆ ತಿಳಿಸುವ ತಟ್ಟೆ ಎಂದು ಅದರ ಮೇಲೆ ಬರೆದಿತ್ತು. ಒಳಗಿದ್ದುದು ಟ್ರೋಜನ್. ಅದು ಕಂಪ್ಯೂಟರನ್ನು ಎಷ್ಟು ಸಲ ಹಚ್ಚಿದರೆಂದು ಎಣಿಸುತ್ತ ಸುಮ್ಮನಿತ್ತು. ಸುಮಾರು 90 ಸಲವಾದ ಮೇಲೆ ಕಡತಗಳ ಹೆಸರುಗಳನ್ನೆಲ್ಲ ಗೋಜಲು ಮಾಡಿ, 189 ಡಾಲರುಗಳನ್ನು ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ ಕಳಿಸಿರೆಂದು ಕೇಳಿತು. ಗಾಬರಿಯಿಂದ ತಮ್ಮ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ವರ್ಷಗಳ ಕೆಲಸವನ್ನು ಕಳೆದುಕೊಂಡವರುಂಟು. ಆದರೆ ಹೆಸರುಗಳನ್ನು ಮತ್ತೆ ಸರಿಪಡಿಸುವ ಪ್ರೋಗ್ರಾಮನ್ನು ತಜ್ಞರು ಬೇಗನೆ ಬರೆದು ಹಂಚಿದರು. ಕಾದವರಿಗೆ ಎಲ್ಲವೂ ಸಿಕ್ಕಿತು.

ಎಷ್ಟು ಹುಡುಕಿದರೂ ಹೋಗದ ಟ್ರೋಜನ್‌ಗಳೂ ಇವೆ. ಆಗ ಮಾತ್ರ ಕಂಪ್ಯೂಟರನ್ನು ಪೂರ್ತಿ ಬರಿದು ಮಾಡಿ ಕಾರ್ಯಾಚರಣೆ ವ್ಯವಸ್ಥೆಯನ್ನು ಹೊಸದಾಗಿ ಹಾಕಬೇಕು. ನಿಮ್ಮಲ್ಲಿ ಆಗದಿದ್ದರೆ ರಿಪೇರಿಯವರಲ್ಲಿಗೆ ಒಯ್ಯಬೇಕು. ಚಾಮರಾಜನಗರಕ್ಕೆ ಹೋಗಿರಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗಿರಿ, ಹೊರಡುವ ಮೊದಲು ಚಿತ್ರಗಳ ಪ್ರತಿಯನ್ನು ಮನೆಯಲ್ಲಿ ಇಟ್ಟೇ ಹೋಗಿರಿ. ಬ್ಯಾಂಕಿನ ಹಣ ಹೋಗಿದ್ದರೆ ದೊಡ್ಡವರು ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬೇಕು.

ಅಕ್ಕನಿಗೆ ಇನ್ನೂ ಒಂದು ಚಿಂತೆ ಉಳಿದಿತ್ತು. ವಿಂಡೋಸನ್ನು ಮಾಡುವ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ಎಕ್ಸ್‌ಪಿಯನ್ನು ದುರಸ್ತಿ ಮಾಡುವುದನ್ನು 2014ರಲ್ಲಿ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರಲ್ಲಿ ಅದೇ ಗತಿಯಾಯಿತು. ಬೇಲಿ ಎಲ್ಲಿ ಮುರಿದರೂ ಕಟ್ಟುವವರಿಲ್ಲ. ಆದ್ದರಿಂದ ಅಕ್ಕ ಹಳೆಯ ಲ್ಯಾಪ್‌ಟಾಪಿಗೆ ಹೊರೆಯಾಗದ ಲಿನಕ್ಸಿನ ಒಂದು ಹೊಸ ಆವೃತ್ತಿಯನ್ನು ಹಾಕಿದಳು. ಇಂಟರ್‌ನೆಟ್ ಬೇಕಾದಾಗ ಅದರಲ್ಲೇ ಹೋಗಬೇಕೆಂದು ನಿಮಗೂ ಹೇಳಿದಳು. ತಾತನ ಚಿತ್ರದ ಎರಡು ಪ್ರತಿ ಮಾಡಿ ಒಂದನ್ನು ಚಿಕ್ಕಪ್ಪನ ಮನೆಗೆ ಕಳಿಸಿದಳು.

ಅಜ್ಜಿ ಮಾತ್ರ ಬಿಡಲಿಲ್ಲ. “ಅದೆಲ್ಲ ಸರಿ ಮಗ, ನನ್ನ ಸಿನಿಮಾ ಎಲ್ಲಿ?” ಎಂದು ಕೇಳಿದಳು. ಆ ಭಾನುವಾರ ಟಿವಿಯಲ್ಲಿ ರಾಜ್‌ಕುಮಾರ್ ಸಿನಿಮಾ ಇತ್ತು. ನೀವೂ ಅಜ್ಜಿಯೂ ಕೂತು ನೋಡಿದಿರಿ.

ಅಭ್ಯಾಸ

1. ಟ್ರಾಯ್ ಪಟ್ಟಣದೊಳಗೆ ಕುದುರೆ ಬಂದದ್ದು ಹೇಗೆ?
2. ವೈರಸ್ಸಿಗೂ ಟ್ರೋಜನ್ನಿಗೂ ಇರುವ ವ್ಯತ್ಯಾಸವೇನು?
3. ಅಕ್ಕ ಬೇರೆ ಕಂಪ್ಯೂಟರಿನಿಂದ ಗುಪ್ತಪದಗಳನ್ನು ಬದಲಾಯಿಸಿದ್ದು ಏಕೆ?
4. ಲಿನಕ್ಸಿನಲ್ಲಿ ತೆರೆದಾಗ ಟ್ರೋಜನ್ ಏಕೆ ಏಳಲಿಲ್ಲ?
5. ‘ಅಟ್ಟಣೆ’, ‘ಚಾಡಿಕೋರ’, ‘ಗೋಜಲು’ – ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
6. ನಿಮ್ಮ ಮನೆಯ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಒಂದೇ ಪ್ರತಿ ಇರುವ ಚಿತ್ರಗಳು ಯಾವುವು? ಮನೆಯವರನ್ನು ಕೇಳಿ ಪಟ್ಟಿ ಮಾಡಿರಿ.